ಹಿತ್ತಲಲ್ಲಿ ಕಂಡ ಗಂಡಸು

ಅರ್ಧ ಹಲ್ಲುಗಳಿಗೆ ಅರ ಹಾಕಿ ಮುಗಿಸುವಷ್ಟರಲ್ಲಿ ಕುಕ್ಕರು ಕೂಗಿತು. ಹೊಲಿಗೆಯಕ್ಕ ಎಡಗೈಯಲ್ಲಿ ಒಲೆ ಸಣ್ಣ ಮಾಡಿದಳು, ಬಲಗೈಯಲ್ಲಿದ್ದ ಅರವನ್ನು ಕೆಳಗಿಡಲಿಲ್ಲ. ಅಡುಗೆಕಟ್ಟೆಯ ಮೇಲೆ, ಹೆಚ್ಚಿಟ್ಟ ಸೌತೆಕಾಯಿಗೂ ಬೋರಲು ಹಾಕಿದ ಲೋಟಗಳಿಗೂ ನಡುವೆ, ಮರ ಕೊಯ್ಯುವ ಮಿಷಿನ್ನು ಹಳೆಯ ಟವೆಲಿನ ಮೇಲೆ ಮಲಗಿತ್ತು. ಅದರ ಚೈನಿನ ಹಲ್ಲುಗಳನ್ನು ಒಂದೊಂದಾಗಿ ಹರಿತ ಮಾಡಬೇಕು. ಒಂದನ್ನು ಮರೆತರೂ ಹಲಗೆಯ ಮೈಮೇಲೆ ಗೀರು ಬೀಳುತ್ತದೆ. ಎಲ್ಲಿಂದ ಶುರು ಮಾಡಿದೆ ಎಂಬುದು ಗೊತ್ತಿರಲಿ ಎಂದು ಮೊದಲ ಹಲ್ಲಿಗೆ ಕೆಂಪು ದಾರ ಕಟ್ಟಿದ್ದಳು. ಮಿಷಿನ್ನಿನ ಜೊತೆ ಬಂದ ಪುಸ್ತಕದಲ್ಲಿ ಈ ಉಪಾಯ ಇರಲಿಲ್ಲ. ಅದನ್ನು ಬರೆದವರು ಎಂದೂ ಅನ್ನಕ್ಕಿಟ್ಟು ಚೈನು ಹರಿತ ಮಾಡಿದವರಲ್ಲ ಎಂದು ಕಾಣುತ್ತದೆ.

ದಾರ ಮತ್ತೆ ಕೈಗೆ ಸಿಕ್ಕಿತು. ಹಲ್ಲು ಮುಗಿದವು, ಒಲೆ ಆರಿತು. ಆಕೆ ಒಳಕೋಣೆಗೆ ಹೋಗಿ ಗಂಡನ ಹಳೆಯ ಪ್ಯಾಂಟು ತೊಟ್ಟು, ಸೊಂಟದ ಹತ್ತಿರ ತಾನೇ ಹಿಡಿದು ಹೊಲಿದಿದ್ದ ಮಡಿಕೆಯನ್ನು ಸರಿ ಮಾಡಿಕೊಂಡಳು. ಆಮೇಲೆ ದಪ್ಪ ಜಾಕೆಟ್ಟು, ಬೂಟು, ಕೈಗವಸು. ಕೊನೆಗೆ ಕಿತ್ತಳೆ ಬಣ್ಣದ ಹೆಲ್ಮೆಟ್ಟು. ಅದಕ್ಕೆ ಮುಖದ ಮುಂದೆ ಕಪ್ಪು ಜಾಲರಿ, ಎರಡೂ ಕಿವಿಗೆ ಬಟ್ಟಲಿನಂಥ ಮುಚ್ಚಳ. ಕನ್ನಡಿಯಲ್ಲಿ ನೋಡಿಕೊಂಡರೆ ಯಾರೋ ಗಂಡಸು ನಿಂತಿದ್ದ. ಆಕೆ ಅವನ ಕಡೆಗೆ ತಲೆಯಾಡಿಸಿದಳು, ಅವನೂ ಆಡಿಸಿದ. ಇಬ್ಬರೂ ಕೂಡಿ ಹಿತ್ತಲಿಗೆ ಹೋದರು.

ಈ ಗಂಡಸೇ ಮುಂದೆ ಇಡೀ ಬೀದಿಯ ಮರ್ಯಾದೆಯ ಪ್ರಶ್ನೆಯಾದದ್ದು. ಹಾಗಾಗಿ ಅವನು ಹುಟ್ಟಿದ ಬಗೆಯನ್ನು ಮೊದಲಿಂದ ಹೇಳಿಬಿಡುವುದು ಮೇಲು.

ಹಿತ್ತಲಿನ ಮಾವಿನ ಮರ ಒಂದು ಮಧ್ಯಾಹ್ನದ ಬಿರುಗಾಳಿಗೆ ಬುಡಸಮೇತ ಮಲಗಿತ್ತು. ಬೀಳುವಾಗ ಅದು ಬಹಳ ಮರ್ಯಾದೆಯಿಂದ ಬಿತ್ತು. ಒಗೆಯುವ ಕಲ್ಲಿಗೂ ತಾಗಲಿಲ್ಲ, ಪಕ್ಕದ ಗೋಡೆಗೂ ತಾಗಲಿಲ್ಲ. ಇದ್ದಷ್ಟು ದಿನ ಅದು ಕೊಟ್ಟ ಹಣ್ಣು ಮಾತ್ರ ಬಾಯಿಗಿಟ್ಟರೆ ಕಣ್ಣು ಮುಚ್ಚುವಷ್ಟು ಹುಳಿ. ಆ ಹಣ್ಣನ್ನು ಕದ್ದು ತಿಂದವರೆಲ್ಲ ಮರುದಿನ ಬಂದು ದೂರುತ್ತಿದ್ದರು.

ಮರ ಬಿದ್ದ ದಿನವೇ ಹೊಲಿಗೆಯಕ್ಕ ಕತ್ತಿನಲ್ಲಿದ್ದ ಟೇಪು ತೆಗೆದು ದಿಮ್ಮಿಯನ್ನು ಅಡ್ಡಕ್ಕೆ ಅಳೆದಳು. ಮಡಿಸಿ ಹಾಸಿದ ಬಟ್ಟೆಯಷ್ಟೇ ಅಗಲ. ಇನ್ನೊಮ್ಮೆ ಅಳೆದಳು. ಆಕೆ ಮನೆಯಲ್ಲೇ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಬಟ್ಟೆ ಕತ್ತರಿಸುವುದು ನೆಲದ ಮೇಲೆ, ಮಂಡಿಯೂರಿ. ಮಂಡಿಗಳು ಈಗೀಗ ಮೇಲೇಳುವಾಗ ಕತ್ತರಿಗಿಂತ ಜೋರಾಗಿ ಸದ್ದು ಮಾಡುತ್ತಿದ್ದವು. ಮದುವೆಗೆ ಮುಂಚೆ ಬಟ್ಟೆ ಫ್ಯಾಕ್ಟರಿಯಲ್ಲಿದ್ದಾಗ ಕಟಿಂಗ್ ಮಾಸ್ತರರ ಮೇಜನ್ನು ಆಕೆ ಕಂಡಿದ್ದಳು. ಅವರು ನಿಂತು ಕತ್ತರಿಸುತ್ತಿದ್ದರು, ಬೆನ್ನು ನೆಟ್ಟಗಿಟ್ಟುಕೊಂಡು, ಬೇಕಾದರೆ ಶಿಳ್ಳೆ ಹಾಕಿಕೊಂಡು. ಆ ಮೇಜಿನ ಮುಂದೆ ಹೆಂಗಸರು ನಿಂತದ್ದನ್ನು ಆಕೆ ಒಂದೇ ಸಲ ನೋಡಿದ್ದಳು, ಅದೂ ಒರೆಸುವಾಗ.

ಆಕೆಯ ಗಂಡ ವಿದ್ಯುತ್ ಕಚೇರಿಯಲ್ಲಿ ‘ವಿಚಾರಣೆ’ ಎಂಬ ಫಲಕದ ಕೆಳಗೆ ಕೂರುವವರು. ಬೀದಿಯವರೆಲ್ಲ ಅವರನ್ನು ವಿಚಾರಣೆಯವರು ಎಂದೇ ಕರೆಯುತ್ತಾರೆ. ಕರೆಂಟು ಯಾವಾಗ ಬರುತ್ತದೆ ಎಂದು ಕೇಳಿದವರಿಗೆ ಏನಾದರೊಂದು ಹೇಳಿ ಕಳಿಸುವುದು ಅವರ ಕೆಲಸ. ‘ಗೊತ್ತಿಲ್ಲ’ ಎಂಬ ಮಾತು ಆ ಕಿಟಕಿಯಿಂದ ಇದುವರೆಗೆ ಹೊರಬಿದ್ದಿಲ್ಲ. ಈ ಶಿಸ್ತನ್ನು ಅವರು ಮನೆಗೂ, ಕ್ಷೌರದಂಗಡಿಗೂ, ಎಲ್ಲ ಕಡೆಗೂ ಹಬ್ಬಿಸಿದ್ದರು.

ಮರ ಬಿದ್ದ ವಾರ ಅವರು ಕ್ಷೌರಕ್ಕೆ ಕೂತಿದ್ದಾಗ ಕ್ಷೌರಿಕ ಸಹಜವಾಗಿ, ದಿಮ್ಮಿಯನ್ನು ಮರದ ಡಿಪೋದವರಿಗೆ ಕೊಟ್ಟುಬಿಡಿ ಸಾರ್, ಮಾವು ಬೇಗ ಹುಳ ಹಿಡಿಯುತ್ತೆ ಎಂದ. ಅಲ್ಲಿ ಗೋಡೆಯ ಟೀವಿಯಲ್ಲಿ ಯಾವನೋ ಗಡ್ಡದವನು ತನ್ನ ಮನೆಯಂಗಳದಲ್ಲೇ ಮಿಷಿನ್ನು ಹಿಡಿದು ದಿಮ್ಮಿಯನ್ನು ಬೆಣ್ಣೆಯ ಹಾಗೆ ಸೀಳುತ್ತಿದ್ದ. ವಿಚಾರಣೆಯವರು ಕನ್ನಡಿಯಲ್ಲಿ ತಮ್ಮನ್ನೂ ಅವನನ್ನೂ ಒಟ್ಟಿಗೆ ಕಂಡರು.

“ಡಿಪೋ ಯಾಕೆ? ನಾನೇ ಕೊಯ್ತೀನಿ, ಮನೇಲೇ.”

ಕತ್ತರಿ ನಿಂತಿತು. ಹಲಗೆ ಮಾಡಿಕೊಂಡು ಏನು ಮಾಡುತ್ತೀರಿ ಎಂದು ಕ್ಷೌರಿಕ ಕೇಳಿದ. ಏನು ಮಾಡಬೇಕೆಂದು ವಿಚಾರಣೆಯವರಿಗೆ ಗೊತ್ತಿರಲಿಲ್ಲ, ಆದ್ದರಿಂದ ಥಟ್ಟನೆ ಉತ್ತರ ಬಂತು. “ಊಟದ ಮೇಜು. ಎಂಟು ಜನರದ್ದು.”

ಮನೆಯಲ್ಲಿದ್ದವರು ಇಬ್ಬರು.

ಸಂಜೆ ಹೊಲಿಗೆಯಕ್ಕ ತನ್ನ ಆಸೆ ಹೇಳಿದಳು. ಬಟ್ಟೆ ಕತ್ತರಿಸುವ ಮೇಜು ಒಂದಾದರೆ ಮಂಡಿ ಉಳಿಯುತ್ತದೆ ಎಂದಳು. ವಿಚಾರಣೆಯವರು ಉದಾರವಾಗಿ ಒಪ್ಪಿದರು. “ಅದಕ್ಕೇನಂತೆ. ಊಟದ ಮೇಜಿನ ಮೇಲೇ ಕತ್ತರಿಸು. ಎಲ್ಲರ ಊಟ ಆದ್ಮೇಲೆ.”

ಮುಂದಿನ ವಾರ ಮಿಷಿನ್ನು ಬಂತು. ದಿಮ್ಮಿಯ ಉದ್ದಕ್ಕೆ ಜಾರಿಸಿ ಹಲಗೆ ತೆಗೆಯುವ ಕಬ್ಬಿಣದ ಚೌಕಟ್ಟೂ ಬಂತು, ಹೆಲ್ಮೆಟ್ಟೂ ಬಂತು. ವಿಚಾರಣೆಯವರು ಎಲ್ಲವನ್ನೂ ತೊಟ್ಟು, ದಿಮ್ಮಿಯ ಮೇಲೆ ಒಂದು ಕಾಲಿಟ್ಟು, ಫೋಟೋ ತೆಗೆಸಿಕೊಂಡು ಬಂಧುಬಳಗಕ್ಕೆಲ್ಲ ಕಳಿಸಿದರು. ಜಾಲರಿಯ ಹಿಂದೆ ಮುಖ ಕಾಣುತ್ತಿರಲಿಲ್ಲವಾದ್ದರಿಂದ ಕೆಳಗೆ ‘ನಾನು’ ಎಂದು ಬರೆದಿದ್ದರು. ಆಮೇಲೆ ಮಿಷಿನ್ನು ಚಾಲೂ ಮಾಡುವ ದಾರ ಎಳೆದರು. ಮಿಷಿನ್ನು ಗುರ್ರೆಂದಿತು. ವಿಚಾರಣೆಯವರೂ ಹೆಚ್ಚುಕಡಿಮೆ ಅದೇ ದನಿಯಲ್ಲಿ ಏನೋ ಅಂದು ಎರಡು ಹೆಜ್ಜೆ ಹಿಂದೆ ಹಾರಿದರು, ಸೊಂಟ ಹಿಡಿದುಕೊಂಡಿತು. ಮಿಷಿನ್ನು ಗೋಣಿಚೀಲ ಹೊದ್ದು ಮೂಲೆ ಸೇರಿತು, ಅವರು ಕಂಬಳಿ ಹೊದ್ದು ಮಂಚ ಸೇರಿದರು. ಕೆಲಸ ಹೇಗೆ ನಡೆದಿದೆ ಎಂದು ಕೇಳಿದವರಿಗೆಲ್ಲ, ಮರ ಸ್ವಲ್ಪ ಹದಕ್ಕೆ ಬರಲಿ ಅಂತ ಬಿಟ್ಟಿದ್ದೇನೆ ಎಂದರು.

ಮರ ಹದಕ್ಕೆ ಬರುತ್ತಿರಲಿಲ್ಲ, ಹುಳಕ್ಕೆ ಬರುತ್ತಿತ್ತು. ತೊಗಟೆಯ ಬಳಿ ಸಣ್ಣ ಪುಡಿ ಉದುರಿದ್ದನ್ನು ಕಂಡ ದಿನ ಹೊಲಿಗೆಯಕ್ಕ ಪುಸ್ತಕ ತೆಗೆದುಕೊಂಡು ಕೂತಳು. ಪೆಟ್ರೋಲಿಗೆ ಎಣ್ಣೆ ಎಷ್ಟು ಬೆರೆಸಬೇಕು, ಚೈನು ಎಷ್ಟು ಬಿಗಿ ಇರಬೇಕು, ಬ್ರೇಕು ಎಲ್ಲಿದೆ ಎಲ್ಲವೂ ಚಿತ್ರಸಮೇತ ಇತ್ತು. ಹೊಲಿಗೆ ಮಿಷಿನ್ನನ್ನು ಬಿಚ್ಚಿ ಜೋಡಿಸುವವಳಿಗೆ ಅದು ಬೇರೆ ಭಾಷೆಯೇನೂ ಅಲ್ಲ. ಮೊದಲ ಕೊಯ್ತಕ್ಕೆ ಒಂದು ನೇರ ದಾರಿ ಬೇಕು, ದಿಮ್ಮಿಯ ಬೆನ್ನು ನೇರವಿರುವುದಿಲ್ಲ. ಅಟ್ಟ ಹತ್ತುವ ಏಣಿಯನ್ನು ದಿಮ್ಮಿಯ ಮೇಲೆ ಉದ್ದಕ್ಕೆ ಮಲಗಿಸಿ, ಅಲುಗದಂತೆ ಬಿಗಿದು, ಮಿಷಿನ್ನಿನ ಚೌಕಟ್ಟನ್ನು ಅದರ ಮೇಲೆ ಜಾರಿಸಿಕೊಂಡು ಹೋದಳು. ಸೊಟ್ಟ ಬಟ್ಟೆಗೂ ಹಾಗೇ ಮೊದಲು ಒಂದು ನೇರ ಅಂಚು ಹುಟ್ಟಿಸಬೇಕು, ಉಳಿದದ್ದೆಲ್ಲ ಅದರ ಕೈ ಹಿಡಿದು ಬರುತ್ತದೆ. ಕೊಯ್ದ ಸೀಳು ಮುಚ್ಚಿಕೊಂಡು ಚೈನನ್ನು ಕಚ್ಚದಿರಲಿ ಎಂದು ಹಿಂದಿನಿಂದ ಮರದ ಬೆಣೆ ತುರುಕುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ಬೆನ್ನಿನ ಸಿಪ್ಪೆ ಕಳಚಿ ಬಿತ್ತು. ಒಳಗೆ ಮರ ಹಸಿಯಾಗಿ, ಹೊಂಬಣ್ಣಕ್ಕೆ ಹೊಳೆಯುತ್ತಿತ್ತು. ಹುಳಿ ಹಣ್ಣು ಕೊಟ್ಟ ಮರ ಇದೇನಾ ಎಂದು ಆಕೆ ಕೈಗವಸು ತೆಗೆದು ಸವರಿದಳು.

ಸಂಜೆ ವಿಚಾರಣೆಯವರು ಬಂದು ಮೊದಲ ಹಲಗೆಯ ಸುತ್ತ ಪ್ರದಕ್ಷಿಣೆ ಹಾಕಿದರು.

“ಯಾರು ಮಾಡಿದ್ದು ಇದು?”

“ನಾನು.”

ಅವರು ಇನ್ನೊಂದು ಸುತ್ತು ಹಾಕಿ ಅತಿ ಮುಖ್ಯವಾದ ಪ್ರಶ್ನೆಗೆ ಬಂದರು. “ಯಾರಾದ್ರೂ ನೋಡಿದ್ರಾ?”

ಪಕ್ಕದ ಮಹಡಿಮನೆಯಾಕೆ ಬಟ್ಟೆ ಹರವಲು ತಾರಸಿಗೆ ಬಂದಿದ್ದಳು, ಆದರೆ ತಾನು ಹೆಲ್ಮೆಟ್ಟು ಹಾಕಿದ್ದೆ ಎಂದು ಹೆಂಡತಿ ಹೇಳಿದಳು. ವಿಚಾರಣೆಯವರ ಸೊಂಟ ಅರ್ಧ ವಾಸಿಯಾಯಿತು. ಹೆಲ್ಮೆಟ್ಟಿನ ಒಳಗೆ ಇರುವವರು ಯಾರೆಂದು ಇಡೀ ಬಂಧುಬಳಗಕ್ಕೆ ಫೋಟೋಸಮೇತ ಗೊತ್ತಿತ್ತಲ್ಲ. ಮರುದಿನ ಕ್ಷೌರದಂಗಡಿಯಲ್ಲಿ, ಮೊದಲ ಹಲಗೆ ಬಂತಪ್ಪ, ಸ್ವಲ್ಪ ಕೈ ನೋವು ಎಂದು ಅವರು ಭುಜ ಒತ್ತಿಕೊಂಡರು.

ಹೆಂಡತಿ ಅದನ್ನು ಕೇಳಿ ಚೈನಿಗೆ ಎಣ್ಣೆ ಬಿಟ್ಟಳು. ಹೆಸರು ಯಾರದಾದರೂ ಆಗಲಿ, ಹಲಗೆ ಬರುತ್ತಿತ್ತಲ್ಲ. ದಿಮ್ಮಿಯ ನಡುಮಧ್ಯದ ಅತಿ ಅಗಲದ ಹಲಗೆಗೆ ತಲುಪುವವರೆಗೆ ಯಾರ ಜೊತೆಗೂ ವಾದ ಬೇಡ ಎಂದು ಆಕೆ ಸುಮ್ಮನಿದ್ದಳು.

ಕೆಲಸ ಕೆಟ್ಟದ್ದು ಮಹಡಿಮನೆಯಾಕೆಯ ಕರೆಂಟು ಬಿಲ್ಲಿನಿಂದ.

ಆ ದಿನ ಬೆಳಗ್ಗೆ ಆಕೆ ತಾರಸಿಯಿಂದ ನೋಡಿದಾಗ ಕೆಳಗೆ ಹೆಲ್ಮೆಟ್ಟಿನ ವ್ಯಕ್ತಿ ಮಿಷಿನ್ನು ಹಿಡಿದು ಧೂಳೆಬ್ಬಿಸುತ್ತಿದ್ದ. ಪಾಪ, ಸಾರ್ ರಜೆ ಹಾಕಿದ್ದಾರೆ ಎಂದುಕೊಂಡು, ಆ ಗರ್ರೆನ್ನುವ ಸದ್ದನ್ನು ಬೀದಿಯ ಕೊನೆಯವರೆಗೂ ಕೇಳುತ್ತಲೇ ನಡೆದು, ವಿದ್ಯುತ್ ಕಚೇರಿ ಮುಟ್ಟಿ, ವಿಚಾರಣೆಯ ಕಿಟಕಿಯೊಳಗೆ ಬಿಲ್ಲು ತುರುಕಿದಳು. ಬಿಲ್ಲು ಹಿಡಿದುಕೊಂಡ ಕೈ ವಿಚಾರಣೆಯವರದ್ದು.

ಆಕೆ ಕಿಟಕಿಗೆ ಇನ್ನಷ್ಟು ಬಗ್ಗಿ ನೋಡಿದಳು. ಇಸ್ತ್ರಿ ಮಾಡಿದ ಅಂಗಿ. ಅಂಗಿಯ ಮೇಲೆ ಒಂದು ಕಣ ಮರದ ಹೊಟ್ಟಿಲ್ಲ.

“ನೀವು ಮನೇಲಿ ಮರ ಕೊಯ್ತಾ ಇದ್ರಲ್ಲ ಸಾರ್.”

“ಹೌದು,” ಎಂದರು ವಿಚಾರಣೆಯವರು, ಅಭ್ಯಾಸಬಲದಿಂದ.

“ಇಲ್ಲಿದೀರಲ್ಲ.”

“ಹೌದು,” ಎಂದರು ಮತ್ತೆ. ಎರಡೂ ಉತ್ತರಗಳು ಬಿಡಿಬಿಡಿಯಾಗಿ ಚೆನ್ನಾಗಿಯೇ ಇದ್ದವು, ಪಕ್ಕಪಕ್ಕ ಇಟ್ಟಾಗ ಮಾತ್ರ ತೊಂದರೆ. ಅವರು ಬಿಲ್ಲನ್ನು ತಿರುಗಿಸಿ ಹಿಂಬದಿ ಓದತೊಡಗಿದರು. ಹಿಂಬದಿಯಲ್ಲಿ ಏನೂ ಇರಲಿಲ್ಲ.

ಮಹಡಿಮನೆಯಾಕೆ ವಾಪಸು ಬರುವಾಗ ದಾರಿಯುದ್ದಕ್ಕೂ ಕೂಡಿ ಕಳೆದಳು. ಗಂಡ ಕಚೇರಿಯಲ್ಲಿದ್ದಾನೆ, ಹಿತ್ತಲಲ್ಲಿ ಗಂಡಸಿದ್ದಾನೆ. ಗೇಟಿನಿಂದ ಒಳಗೆ ಬಂದದ್ದನ್ನು ಕಂಡವರಿಲ್ಲ, ಹೊರಗೆ ಹೋದದ್ದನ್ನು ಕಂಡವರಿಲ್ಲ. ಆವತ್ತಿನಿಂದ ತಾರಸಿಯಲ್ಲಿ ಅವಳ ಬಟ್ಟೆಗಳು ದಿನಕ್ಕೆ ಮೂರು ಸಲ ಒಣಗಿದವು.

ಆಕೆ ಕಂಡು ಬೀದಿಗೆ ವರದಿ ಒಪ್ಪಿಸಿದ ಸಂಗತಿಗಳು ನಿಜಕ್ಕೂ ಗಂಭೀರವಾಗಿದ್ದವು. ಆ ಗಂಡಸು ಬಾಯಾರಿದರೆ ಯಾರನ್ನೂ ಕೇಳದೆ ಅಡುಗೆಮನೆಗೆ ಹೋಗುತ್ತಾನೆ. ಮನೆಯವರ ಲೋಟದಲ್ಲೇ ನೀರು ಕುಡಿಯುತ್ತಾನೆ. ಕುಡಿದ ಲೋಟವನ್ನು ತೊಳೆದು ಬೋರಲು ಹಾಕುತ್ತಾನೆ. ಕುಕ್ಕರು ಕೂಗಿದರೆ ಮಿಷಿನ್ನು ಬಿಟ್ಟು ಓಡಿಹೋಗಿ ಒಲೆ ಆರಿಸುತ್ತಾನೆ. ಮೊನ್ನೆ ಮೋಡ ಕವಿದಾಗಂತೂ ಹೆಲ್ಮೆಟ್ಟು ಸಮೇತ ಬಂದು ಹಗ್ಗದ ಮೇಲಿನ ಬಟ್ಟೆಗಳನ್ನೆಲ್ಲ ತೆಗೆದು, ತೋಳಿಗೆ ತೋಳು ಕೂಡಿಸಿ, ಮಡಿಸಿ, ಒಳಗೆ ಇಟ್ಟ.

ಈ ಕೊನೆಯ ಸಂಗತಿ ಕೇಳಿದ ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು. ಅದು ಆಘಾತವೋ ಹೊಟ್ಟೆಕಿಚ್ಚೋ ಹೇಳುವುದು ಕಷ್ಟ. ಆ ವಾರ ಬೀದಿಯ ಹಲವು ಮನೆಗಳಲ್ಲಿ ಗಂಡಂದಿರು ಊಟ ಮಾಡಿದ ತಟ್ಟೆಯನ್ನು ಅಲ್ಲೇ ಬಿಟ್ಟು ಏಳುವಾಗ ಹೆಂಡತಿಯರು ಒಂದು ಥರ ನೋಡಿದರು. ಹಾಳು ಮನುಷ್ಯ ಎಲ್ಲಿಂದ ಬಂದನೋ ಎಂದು ಗಂಡಸರು ಕ್ಷೌರದಂಗಡಿಯಲ್ಲಿ ಗೊಣಗಿಕೊಂಡರು. ವಿಚಾರಣೆಯವರು ಅಂಗಡಿಗೆ ಬಂದರೆ ಎಲ್ಲರೂ ಕರುಣೆಯಿಂದ ಎದ್ದು ಅವರಿಗೆ ಜಾಗ ಬಿಡುತ್ತಿದ್ದರು.

ಸುದ್ದಿ ವಿಚಾರಣೆಯವರ ಅಕ್ಕನ ಕಿವಿಗೆ ಬಿತ್ತು. ಅಕ್ಕ ಎಂದರೆ ತಮ್ಮನ ಸಂಸಾರಕ್ಕೆ ತಾನೇ ಮೇಲ್ವಿಚಾರಕಿ ಎಂದು ನಂಬಿದವರು. ಸತ್ಯ ಹೊರಬೀಳುವವರೆಗೂ ಇರಬೇಕಾದೀತು ಎಂದು ದೊಡ್ಡ ಚೀಲವನ್ನೇ ತಂದಿದ್ದರು. ಬಂದವರೇ ನೇರ ವಿಷಯಕ್ಕೆ ಬರಲಿಲ್ಲ. ಮನೆಗೆ ಈಚೆಗೆ ಬಂದುಹೋಗುವವರು ಹೆಚ್ಚೇ ಎಂದರು, ಹಿತ್ತಲ ಬಾಗಿಲಿಗೆ ಚಿಲಕ ಭದ್ರವಾಗಿದೆಯೇ ಎಂದರು, ಹಗ್ಗದಿಂದ ತೆಗೆದ ಬಟ್ಟೆ ಎಷ್ಟು ಚೆನ್ನಾಗಿ ಮಡಿಸಿದೆ ನೋಡು ಎಂದರು. ಕೊನೆಗೆ ತಡೆಯಲಾರದೆ ಕೇಳಿದರು.

“ಇವನು ಇಲ್ಲದಾಗ ಇಲ್ಲಿ ಯಾರಿರ್ತಾರೆ?”

“ನಾನೊಬ್ಬಳೇ, ಅತ್ತಿಗೆ.”

“ಹಾಗಾದ್ರೆ ಮರ ಕೊಯ್ಯೋರು ಯಾರು?”

ಹೊಲಿಗೆಯಕ್ಕ ಗಂಡನ ಕಡೆ ನೋಡಿದಳು. ಹೇಳುವುದಾದರೆ ಅವರೇ ಹೇಳಲಿ ಎಂದು ಸೂಜಿಗೆ ದಾರ ಪೋಣಿಸುತ್ತ ಕೂತಳು. ವಿಚಾರಣೆಯವರ ಮುಂದೆ ಈಗ ಎರಡು ದಾರಿ. ಹೆಂಡತಿ ಕೊಯ್ಯುತ್ತಾಳೆ ಎಂದರೆ ಫೋಟೋ ಸುಳ್ಳಾಗುತ್ತದೆ. ನಾನೇ ಎಂದರೆ ಕಚೇರಿಯ ಕಿಟಕಿ ಸುಳ್ಳಾಗುತ್ತದೆ. ಅವರು ಮೂರನೆಯ ದಾರಿ ಹಿಡಿದರು.

“ಕೂಲಿಯವನು ಅಕ್ಕ. ನಾನೇ ಗೊತ್ತು ಮಾಡಿದ್ದು.”

ಯಾವ ಊರಿನವನು ಎಂದರು ಅಕ್ಕ. ದೂರದವನು ಎಂದರು ತಮ್ಮ. ಹೆಸರೇನು ಎಂದರು. ವಿಚಾರಣೆಯವರು ಹೆಸರಿಗಾಗಿ ಸೂರು ನೋಡಿದರು, ಸಿಗಲಿಲ್ಲ. “ಅವನಿಗೆ ಮಾತು ಬರಲ್ಲ ಅಕ್ಕ, ಹೆಸರು ಹೇಳಿಲ್ಲ.”

ಅಕ್ಕನ ಮನಸ್ಸು ಕರಗಿತು. ಮಾತು ಬಾರದವನು, ದುಡಿಯುತ್ತಾನೆ, ಬಟ್ಟೆ ಮಡಿಸುತ್ತಾನೆ. ಅವನಿಗೆ ಮದುವೆಯಾಗಿದೆಯೇ ಎಂದು ಕೇಳಿ, ತಮ್ಮ ನಾದಿನಿಯ ಮಗಳೊಬ್ಬಳ ವಿಷಯ ಪ್ರಸ್ತಾಪಿಸಿದರು. ಎಂಟು ಜನರ ಮೇಜು ಬೇಗ ಮಾಡಿಸು, ನಾವೆಲ್ಲ ಬಂದು ಕೂತು ಊಟ ಮಾಡೋಣ ಎಂದೂ ಹೇಳಿ ಸ್ನಾನಕ್ಕೆ ಹೋದರು.

ಬಚ್ಚಲ ಬಾಗಿಲು ಹಾಕಿದ ಸದ್ದಾದ ಮೇಲೆ ಹೊಲಿಗೆಯಕ್ಕ ಸೂಜಿ ಕೆಳಗಿಟ್ಟಳು.

“ನನಗೆ ಮಾತು ಬರಲ್ಲ ಅಂದ್ರಾ?”

“ನಿನಗಲ್ಲ, ಅವನಿಗೆ,” ಎಂದರು ವಿಚಾರಣೆಯವರು ನೊಂದ ದನಿಯಲ್ಲಿ.

ಮಹಡಿಮನೆಯಾಕೆಗೆ ಈ ಕೂಲಿಯವನ ವಿವರ ಗೋಡೆಯಾಚೆಯಿಂದ ಆ ಸಂಜೆಯೇ ತಲುಪಿತು. ಮೂಕನಾದರೂ ಗಂಡಸು ಗಂಡಸೇ ಎಂದು ತೀರ್ಮಾನಿಸಿ, ಆ ಮನೆಯ ಮರ್ಯಾದೆ ಉಳಿಸಲೆಂದೇ ಆಕೆ ನಗರಸಭೆಗೆ ಫೋನು ಮಾಡಿದಳು. ಸದ್ದು ಹೆಚ್ಚು ಎಂದಷ್ಟೇ ಹೇಳಿದಳಂತೆ. ರಜೆಯ ದಿನ ಬೆಳಗ್ಗೆ ವಾರ್ಡಿನ ಇನ್‌ಸ್ಪೆಕ್ಟರು ಹಿತ್ತಲಿಗೆ ಬಂದು ನಿಂತರು. ಬೀದಿಯ ತಿರುವಿನಲ್ಲಿ ಲಾರಿಯೊಂದು ಬಂದು ನಿಂತಿತು.

ಇನ್‌ಸ್ಪೆಕ್ಟರು ಕೆಟ್ಟವರಲ್ಲ. ಕೆಮ್ಮಿ, ಗಂಟಲು ಸರಿಮಾಡಿಕೊಂಡು, ನಿಯಮವನ್ನು ಸಾವಧಾನವಾಗಿ ವಿವರಿಸಿದರು. ಮನೆಯವರು ತಮ್ಮ ಕೈಯಾರೆ ತಮ್ಮ ಮರವನ್ನು ತಮ್ಮ ಬಳಕೆಗೆ ಕೊಯ್ದುಕೊಂಡರೆ ಯಾರ ತಂಟೆಯೂ ಇಲ್ಲ. ಕೂಲಿಯವನನ್ನು ಇಟ್ಟು ಮಿಷಿನ್ನಿನಲ್ಲಿ ಕೊಯ್ಸಿದರೆ ಅದು ಸಾಮಿಲ್ಲು. ಮನೆಗಳ ನಡುವೆ ಸಾಮಿಲ್ಲು ಇರಕೂಡದು. ಹಾಗಿದ್ದರೆ ದಿಮ್ಮಿ, ಹಲಗೆ, ಮಿಷಿನ್ನು ಎಲ್ಲ ಲಾರಿಗೆ.

ಹೊಲಿಗೆಯಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ದಿಮ್ಮಿ ಈಗ ಅರ್ಧಕ್ಕೆ ಇಳಿದಿತ್ತು. ಇನ್ನೊಂದೇ ಕೊಯ್ತ, ನಡುಮಧ್ಯದ ಹಲಗೆ ಹೊರಬೀಳುತ್ತಿತ್ತು. ಅದು ಲಾರಿ ಹತ್ತಿದರೆ ಮತ್ತೆ ನೆಲ, ಮತ್ತೆ ಮಂಡಿ. ಅಂಥ ಇನ್ನೊಂದು ಮರ ಅವಳ ಹಿತ್ತಲಲ್ಲಿ ಬೀಳಬೇಕಾದರೆ ಮೊದಲು ಬೆಳೆಯಬೇಕು.

“ಕೂಲಿಯವನು ಯಾರೂ ಇಲ್ಲ,” ಎಂದರು ವಿಚಾರಣೆಯವರು. ಅವರ ಅಕ್ಕ ತಿರುಗಿ ನೋಡಿದರು. “ನಾನೇ ಕೊಯ್ಯೋದು.”

“ಸಂತೋಷ. ಹಾಗಾದ್ರೆ ಒಂದು ಕೊಯ್ದು ತೋರಿಸಿ, ನಾನು ಹೊರಡ್ತೀನಿ.”

ಈ ಹೊತ್ತಿಗೆ ತಾರಸಿಯ ಮೇಲೆ ಮಹಡಿಮನೆಯಾಕೆಯೂ, ಬೇಲಿಯ ಬಳಿ ಕತ್ತರಿಯನ್ನು ಜೇಬಿಗಿಟ್ಟುಕೊಂಡು ಬಂದ ಕ್ಷೌರಿಕನೂ ಜಾಗ ಹಿಡಿದಿದ್ದರು. ವಿಚಾರಣೆಯವರು ಎಲ್ಲರಿಗೂ ನಮಸ್ಕಾರ ಮಾಡಿ ಮಿಷಿನ್ನಿನ ದಾರ ಎಳೆದರು. ಅದು ಕೆಮ್ಮಿತು. ಇನ್‌ಸ್ಪೆಕ್ಟರೂ ಕೆಮ್ಮಿದರು. ಮತ್ತೆ ಎಳೆದರು. ಬೆಳಗಿನ ತೇವಕ್ಕೆ ಸ್ವಲ್ಪ ಹಟ ಮಾಡುತ್ತದೆ ಎಂದು ಸಭೆಗೆ ತಿಳಿಸಿ, ಕಾಲನ್ನು ದಿಮ್ಮಿಗೆ ಒತ್ತಿ, ಫೋಟೋದಲ್ಲಿದ್ದ ಭಂಗಿಯಲ್ಲೇ ಮತ್ತೆ ಎಳೆದರು. ಪೆಟ್ರೋಲಿನ ವಾಸನೆ ಹಬ್ಬಿತು. ಮಿಷಿನ್ನಿನ ಮೇಲೆ ಒತ್ತಬಹುದಾದ್ದನ್ನೆಲ್ಲ ಒತ್ತಿದರು, ತಿರುಗಿಸಬಹುದಾದ್ದನ್ನೆಲ್ಲ ತಿರುಗಿಸಿದರು, ಒಂದು ಮುಚ್ಚಳ ಕೈಗೇ ಬಂತು. ಅದನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಸೊಂಟ ಮೊದಲಿನ ಜಾಗದಲ್ಲೇ ಹಿಡಿದುಕೊಂಡಿತು, ಅವರು ಬಗ್ಗಿದವರು ಬಗ್ಗಿದ ಹಾಗೇ ನಿಂತರು. ಆ ಭಂಗಿಯಿಂದಲೇ ಅಡುಗೆಮನೆಯ ಬಾಗಿಲ ಕಡೆ ನೋಡಿದರು.

ಬಾಗಿಲಲ್ಲಿ ಹೆಂಡತಿ ಇರಲಿಲ್ಲ.

ಇನ್‌ಸ್ಪೆಕ್ಟರು ನಿಟ್ಟುಸಿರು ಬಿಟ್ಟು ಲಾರಿಯವನಿಗೆ ಸನ್ನೆ ಮಾಡಲು ಕೈ ಎತ್ತಿದರು. ಅದೇ ಹೊತ್ತಿಗೆ ಮನೆಯೊಳಗಿಂದ ಹೆಲ್ಮೆಟ್ಟು ತೊಟ್ಟ ಗಂಡಸು ಹೊರಗೆ ಬಂದ.

“ಅವನೇ,” ಎಂದಳು ತಾರಸಿಯಿಂದ ಮಹಡಿಮನೆಯಾಕೆ. “ಅವನೇ ಸಾರ್, ಬಟ್ಟೆ ಮಡಿಸೋನು.”

ವಿಚಾರಣೆಯವರ ಅಕ್ಕ ಎದೆ ಹಿಡಿದುಕೊಂಡರು. ಅವರ ಚಿಂತೆ ನೆಂಟಸ್ತನದ್ದೋ ಮಾನದ್ದೋ ಅವರಿಗೇ ಸ್ಪಷ್ಟವಿರಲಿಲ್ಲ. ಯಾರು ನೀನು, ಒಳಗೆ ಹೇಗಿದ್ದೆ, ನನ್ನ ತಮ್ಮನ ಹೆಂಡತಿ ಎಲ್ಲಿ ಎಂದು ಅವರು ಕೇಳುತ್ತಲೇ ಇದ್ದರು. ಕಿವಿಗೆ ಮುಚ್ಚಳವಿದ್ದ ಆ ವ್ಯಕ್ತಿ ನೇರ ವಿಚಾರಣೆಯವರ ಹತ್ತಿರ ಹೋಗಿ ಅವರ ಜೇಬಿಗೆ ಕೈಹಾಕಿ ಕಿತ್ತುಬಂದ ಮುಚ್ಚಳ ತೆಗೆದು, ಮಿಷಿನ್ನಿಗೆ ತಿರುಪಿ, ಬ್ರೇಕನ್ನು ನೋಡಿ, ಎಲ್ಲರಿಗೂ ದೂರ ಸರಿಯುವಂತೆ ಕೈಯಲ್ಲಿ ತೋರಿಸಿದ. ಇನ್‌ಸ್ಪೆಕ್ಟರು ಸರಿದರು. ದಾರ ಒಂದು ಸಲ ಎಳೆದಾಗ ಉಕ್ಕಿದ ಪೆಟ್ರೋಲು ಹೊರಗೆ ಬಂತು, ಎರಡನೆಯದಕ್ಕೆ ಮಿಷಿನ್ನು ಹೊತ್ತಿಕೊಂಡಿತು.

ಆಮೇಲೆ ಯಾರಿಗೂ ಮಾತಾಡಲಾಗಲಿಲ್ಲ. ಇನ್‌ಸ್ಪೆಕ್ಟರು ಬಾಯಿ ತೆರೆದು ಮುಚ್ಚಿದರು, ಅಕ್ಕ ಮುಚ್ಚಲೇ ಇಲ್ಲ, ಆದರೆ ಕೇಳಿಸಿದ್ದು ಮಿಷಿನ್ನಿನದೊಂದೇ ಮಾತು. ಚೌಕಟ್ಟು ದಿಮ್ಮಿಯ ಮೇಲೆ ನಿಧಾನವಾಗಿ, ಒಂದೇ ವೇಗದಲ್ಲಿ ಜಾರುತ್ತ ಹೋಯಿತು. ಹೊಂಬಣ್ಣದ ಹೊಟ್ಟು ಇನ್‌ಸ್ಪೆಕ್ಟರ ಕರಿ ಬೂಟಿನ ಮೇಲೆ ಗುಡ್ಡೆಯಾಯಿತು. ಹೆಲ್ಮೆಟ್ಟಿನವನು ನಿಲ್ಲಿಸಿ ಬೆಣೆ ಹೊಡೆದ, ಮತ್ತೆ ಮುಂದುವರಿದ, ಮತ್ತೆ ಬೆಣೆ ಹೊಡೆದ. ಅವಸರ ಮಾಡಲಿಲ್ಲ. ಕೊನೆಯ ಗೇಣು ಬಂದಾಗ ಕ್ಷೌರಿಕ ಬೇಲಿಯ ಮೇಲಿಂದ ಪೂರ್ತಿ ಬಗ್ಗಿದ್ದ.

ಮಿಷಿನ್ನು ಆರಿತು. ಹೆಲ್ಮೆಟ್ಟಿನವನು ಜಾಕೆಟ್ಟಿನ ಒಳಗೆ ಕೈಹಾಕಿ, ಕತ್ತಿನಿಂದ ಹಳದಿ ಟೇಪನ್ನು ಎಳೆದು, ಹಲಗೆಯನ್ನು ಅಡ್ಡಕ್ಕೆ ಒಂದು ಸಲ, ಉದ್ದಕ್ಕೆ ಒಂದು ಸಲ ಅಳೆದ. ಆಮೇಲೆ ತಾರಸಿಯ ಕಡೆ ತಲೆ ಎತ್ತಿದ. ಆ ಮೂಕ ಬಾಯಿ ಬಿಟ್ಟದ್ದು ಆಗಲೇ.

“ನಿಮ್ಮ ನೈಟಿ ಆಗಿದೆ. ಕಂಕುಳ ಹತ್ರ ಬಿಗಿ ಅಂದಿದ್ರಲ್ಲ, ಬಿಟ್ಟಿದೀನಿ. ಬಂದು ತಗೊಂಡು ಹೋಗಿ.”

ಹಿತ್ತಲಲ್ಲಿ ಮಿಷಿನ್ನು ತಣ್ಣಗಾಗುತ್ತ ಟಿಕ್ ಟಿಕ್ ಅನ್ನುವುದು ಕೇಳಿಸಿತು. ಹೊಲಿಗೆಯಕ್ಕ ಜಾಲರಿ ಮೇಲೆತ್ತಿದಳು. ಮುಖದಲ್ಲಿ ಬೆವರು, ಹುಬ್ಬಿನ ಮೇಲೆ ಹೊಟ್ಟು.

ಮೊದಲು ಚೇತರಿಸಿಕೊಂಡವರು ಇನ್‌ಸ್ಪೆಕ್ಟರು. ಅವರಿಗೆ ನಿಯಮದ ಆಸರೆ ಇತ್ತು. ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳಿದರು. ಗಂಡನ ಹೆಸರಿನಲ್ಲಿದೆ ಎಂದು ತಿಳಿಯಿತು. ಹಾಗಾದರೆ ಕೊಯ್ದವರು ಮಾಲೀಕರಲ್ಲ, ಬೇರೆಯವರು.

“ಇವರು ನಿಮಗೆ ಕೂಲಿ ಕೊಡ್ತಾರಾ?”

“ಮದುವೆ ಆದಾಗಿನಿಂದ ಇಲ್ಲ.”

“ಅಂದ್ರೆ ನೀವು ಕೆಲಸದವರಲ್ಲ.”

“ಕೆಲಸ ಮಾಡ್ತೀನಿ.”

“ಮಾಡ್ತೀರಿ. ಆದ್ರೆ ಕೆಲಸದವರಲ್ಲ.” ಹೇಳಿದ ಮಾತನ್ನು ಇನ್‌ಸ್ಪೆಕ್ಟರು ತಾವೇ ಇನ್ನೊಮ್ಮೆ ಒಳಗೊಳಗೆ ಹೇಳಿಕೊಂಡು ನೋಡಿದಂತೆ ಕಂಡಿತು. ನಿಯಮದ ಪ್ರಕಾರ ಅದು ಸರಿಯಾಗಿತ್ತು. ಬೇರೆ ಯಾವ ಪ್ರಕಾರ ಅದು ತಪ್ಪಾಗಿದೆ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. “ಮಾಲೀಕರೂ ಅಲ್ಲ, ಕೂಲಿಯವರೂ ಅಲ್ಲ. ಹಾಗಾದ್ರೆ ನೀವು ಯಾರು ಅಂತ ಇಟ್ಕೊಳ್ಳೋಣ?”

“ಅದು ನಿಮ್ಮ ನಿಯಮದಲ್ಲಿ ಇಲ್ಲ ಅಂದ್ರೆ ನನ್ನ ತಪ್ಪಲ್ಲ ಸಾರ್,” ಎಂದಳು ಹೊಲಿಗೆಯಕ್ಕ. “ಲಾರಿ ಬೇಕಾದ್ರೆ ಕರೀರಿ. ಈ ಹಲಗೆ ನಾನು ಕೊಯ್ದದ್ದು. ನನ್ನನ್ನು ದಾಟಿಕೊಂಡೇ ಎತ್ತಬೇಕು. ಇನ್ನೂ ಅರ್ಧ ದಿಮ್ಮಿ ಉಳಿದಿದೆ, ನೀವು ಯೋಚನೆ ಮಾಡೋಷ್ಟರಲ್ಲಿ ಇನ್ನೊಂದು ಹಲಗೆ ಮುಗಿಸ್ತೀನಿ.”

ಜಾಲರಿ ಕೆಳಗೆ ಬಂತು. ದಾರ ಎಳೆದ ಸದ್ದಾಯಿತು. ಇನ್‌ಸ್ಪೆಕ್ಟರು ಬೂಟು ಕೊಡವಿಕೊಂಡು, ಲಾರಿಯವನಿಗೆ ಹೋಗು ಎಂದು ಕೈಯಲ್ಲಿ ತೋರಿಸಿದರು. ಗೇಟಿನ ಬಳಿ ವಿಚಾರಣೆಯವರು ಬಗ್ಗಿದ ಭಂಗಿಯಲ್ಲೇ ಅವರನ್ನು ಕಳಿಸಿಕೊಡಲು ಬಂದು, ನಾನು ಹೇಳಿದ್ದು ಸುಳ್ಳು ಸಾರ್, ಆದರೆ ಮಿಷಿನ್ನು ಮಾತ್ರ ನಾನೇ ತಂದದ್ದು ಎಂದು ಅರಿಕೆ ಮಾಡಿಕೊಂಡರಂತೆ.

ಬೀದಿಗೆ ಈ ಸತ್ಯವನ್ನು ಅರಗಿಸಿಕೊಳ್ಳಲು ಸ್ವಲ್ಪ ಕಾಲ ಬೇಕಾಯಿತು. ಗಂಡಸರಿಗೆ ದೊಡ್ಡ ನೆಮ್ಮದಿ. ತಟ್ಟೆಗಳು ಮತ್ತೆ ಊಟ ಮಾಡಿದಲ್ಲೇ ಉಳಿದವು. ಮಹಡಿಮನೆಯಾಕೆ ನೈಟಿ ತೆಗೆದುಕೊಂಡು ಹೋಗಲು ಬಂದವಳು ಹಿತ್ತಲ ಬಾಗಿಲಲ್ಲಿ ನಿಂತು, ಹಾಗಾದ್ರೆ ಅವನು ಇಲ್ವಾ ಅಕ್ಕ ಎಂದು ಕೇಳಿದಳು. ಇಲ್ಲ ಎಂದು ಹೊಲಿಗೆಯಕ್ಕ ಹೇಳಿದಾಗ ಆಕೆಯ ಮುಖ ನಿಜವಾಗಿಯೂ ಬಾಡಿತು. ವಿಚಾರಣೆಯವರ ಅಕ್ಕ ಮಾತ್ರ, ನಮ್ಮ ಮನೆಯ ಹೆಂಗಸು ಮಿಷಿನ್ನು ಹಿಡಿದಳು ಎಂಬುದಕ್ಕಿಂತ ತಮ್ಮ ಕಡೆಯ ಹುಡುಗಿಗೆ ಗೊತ್ತಾದ ಗಂಡು ತಪ್ಪಿಹೋಯಿತು ಎಂಬುದಕ್ಕೆ ಹೆಚ್ಚು ಕೊರಗಿ ಚೀಲ ಕಟ್ಟಿದರು. ಕ್ಷೌರದಂಗಡಿಯಲ್ಲಿ ವಿಚಾರಣೆಯವರು ಎರಡು ವಾರ ಕಾಣಿಸಲಿಲ್ಲ. ಮೂರನೆಯ ವಾರ ಹೋಗಿ ಕೂತು, ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು, “ಕಲಿಸಿದ್ದು ನಾನೇ” ಎಂದರು.

ಹಸಿ ಹಲಗೆ ಒಡನೆ ಮೇಜಾಗುವುದಿಲ್ಲ. ಹೊಲಿಗೆಯಕ್ಕ ಅವುಗಳ ಎರಡೂ ತುದಿಗೆ ಮನೆಯಲ್ಲಿ ಉಳಿದಿದ್ದ ಬಣ್ಣ ಬಳಿದಳು, ಬಿರುಕು ಬಿಡದಿರಲಿ ಎಂದು. ನಡುನಡುವೆ ಗಾಳಿಯಾಡಲು ಸಣ್ಣ ಪಟ್ಟಿಗಳನ್ನಿಟ್ಟು, ಮುಂದಿನ ಕೋಣೆಯ ಗೋಡೆಯುದ್ದಕ್ಕೂ ಒಂದರ ಮೇಲೊಂದು ಪೇರಿಸಿ, ಮೇಲೆ ಸಮವಸ್ತ್ರದ ಬಟ್ಟೆಯ ಥಾನುಗಳ ಭಾರ ಹೇರಿದಳು. ಬಂದವರೆಲ್ಲ ಆ ರಾಶಿಯನ್ನು ಸುತ್ತಿಕೊಂಡೇ ಒಳಗೆ ಹೋಗಬೇಕಾಯಿತು. ಮಳೆ ಬಂದು ಹೋಯಿತು, ಸೆಕೆ ಬಂದು ಹೋಯಿತು, ಮತ್ತೆ ಮಳೆ ಬಂತು. ಎಂಟು ಜನರ ಮೇಜು ಎಲ್ಲಿಗೆ ಬಂತು ಎಂದು ಅಕ್ಕ ಫೋನಿನಲ್ಲಿ ಕೇಳುತ್ತಲೇ ಇದ್ದರು. ಬಂತು, ಬಂತು ಎಂದು ವಿಚಾರಣೆಯವರು ಹೇಳುತ್ತಲೇ ಇದ್ದರು. ಒಂದು ದಿನ ಅವರು ಉತ್ಸಾಹ ತಡೆಯದೆ ಎಂಟು ಕುರ್ಚಿಗಳನ್ನು ತಂದೇಬಿಟ್ಟರು.

ಹಲಗೆ ಬಡಿದು ನೋಡಿದರೆ ಗಟ್ಟಿ ಸದ್ದು ಕೊಡುವ ಹದಕ್ಕೆ ಬಂದ ಮೇಲೆ, ಒಂದು ರಜೆಯ ಬೆಳಗ್ಗೆ ಹೊಲಿಗೆಯಕ್ಕ ಹಿತ್ತಲಲ್ಲಿ ಮೇಜಿನ ನಾಲ್ಕು ಕಾಲುಗಳಿಗೆ ಮರ ಸಿದ್ಧ ಮಾಡುತ್ತಿದ್ದಳು. ಒಲೆಯ ಮೇಲೆ ಅನ್ನವಿತ್ತು. ಒಳಗಿನ ಕೋಣೆಯಲ್ಲಿ ವಿಚಾರಣೆಯವರು ಎಂಟು ಕುರ್ಚಿಗಳನ್ನು ಇನ್ನೂ ಬಾರದ ಮೇಜಿನ ಸುತ್ತ ಜೋಡಿಸುತ್ತ, ಅಕ್ಕ ಎಲ್ಲಿ ಕೂರಬೇಕು, ತಾವು ಎಲ್ಲಿ ಕೂರಬೇಕು ಎಂದು ಎಳೆದಾಡುತ್ತಿದ್ದ ಸದ್ದು ಕೇಳಿಸುತ್ತಿತ್ತು. ಅವರು ಕುರ್ಚಿಯ ಎತ್ತರವನ್ನು ಗೇಣಿನಲ್ಲಿ ಅಳೆದು ಕೂಗಿ ಹೇಳಿದರು. ಆಕೆ ಕೇಳಿಸಿಕೊಂಡಳು.

ಆಕೆ ಕತ್ತಿನಿಂದ ಟೇಪು ತೆಗೆದಳು. ಅದರ ಒಂದು ತುದಿಯನ್ನು ಹಿಮ್ಮಡಿಯ ಕೆಳಗೆ ಒತ್ತಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ ನಿಂತು, ಇನ್ನೊಂದನ್ನು ಮೇಲೆ ಎಳೆದಳು. ಮಂಡಿ ದಾಟಿತು. ತೊಡೆ ದಾಟಿತು. ತನ್ನ ಸೊಂಟದ ಮೂಳೆಯ ಹತ್ತಿರ ಹೆಬ್ಬೆರಳಿಟ್ಟು ನಿಲ್ಲಿಸಿದಳು. ಕುರ್ಚಿ ಹಾಕಿಕೊಂಡು ಕೂತವರಿಗೆ ಆ ಎತ್ತರ ಗದ್ದಕ್ಕೆ ಬರುತ್ತದೆ. ತಟ್ಟೆ ಕಾಣುತ್ತದೆ, ಕೈ ಎಟುಕುವುದಿಲ್ಲ.

ಬಟ್ಟೆಗೆ ಗುರುತು ಹಾಕುವ ಬಳಪ ತೆಗೆದುಕೊಂಡು ಮೇಜಿನ ಮೊದಲ ಕಾಲಿನ ಮೇಲೆ ಒಂದು ಗೆರೆ ಎಳೆದಳು. ಉಳಿದ ಮೂರರ ಮೇಲೆ ಅದೇ ಅಳತೆಗೆ ಎಳೆದಳು.

“ಎಷ್ಟೆತ್ತರ ಇಡ್ತಾ ಇದೀಯ?” ಎಂದರು ವಿಚಾರಣೆಯವರು ಒಳಗಿಂದ.

“ಅಳತೆ ತಗೊಂಡಿದೀನಿ,” ಎಂದಳು ಆಕೆ, ಗರಗಸವನ್ನು ಗೆರೆಯ ಮೇಲಿಟ್ಟು.